‘ಅಂತ’ದ ಮುಂದೆ ಯಾರು?

ಮಕ್ಕಳೇ, ಮೊದಲು ಒಂದು ಒಗಟು. ಒಂದು ವಾಕ್ಯ ಹೇಳುತ್ತೇನೆ, ಕಿವಿಗೊಟ್ಟು ಕೇಳಿ.

ಅವ್ವ ನಾ ನಾಳಿ ಬಾದಾಮಿಗೆ ಹೋಗ್ತೀನಿ ಅಂದ್ಲು.

ನಾಳೆ ಬಾದಾಮಿಗೆ ಹೋಗುವವರು ಯಾರು? “ಅವ್ವ!” ಎಂದು ನೀವು ಥಟ್ಟನೆ ಹೇಳುತ್ತೀರಿ. ಸರಿ. ಆದರೆ ವಾಕ್ಯದಲ್ಲಿ ‘ನಾ’ ಅಂತ ಇದೆಯಲ್ಲ? ವಾಕ್ಯ ಹೇಳಿದವನು ನಾನು. ಹಾಗಾದರೆ ಹೋಗಬೇಕಾದವನು ನಾನೇ ಅಲ್ಲವೇ?

ಈಗ ಕೊನೆಯ ಒಂದೇ ಒಂದು ಮಾತನ್ನು ತೆಗೆದುಬಿಡಿ.

ಅವ್ವ, ನಾ ನಾಳಿ ಬಾದಾಮಿಗೆ ಹೋಗ್ತೀನಿ.

ನೋಡಿದಿರಾ? ಅವ್ವ ಮನೆಯಲ್ಲೇ ಉಳಿದಳು, ನಾನು ಚೀಲ ಹೆಗಲಿಗೇರಿಸಿ ಹೊರಟೆ! ಹೋಗುವವರನ್ನು ಬದಲಿಸಿದ್ದು ಕೊನೆಯ ಪುಟ್ಟ ಮಾತು, ‘ಅಂದ್ಲು’. ಅದು ಇದ್ದರೆ ‘ನಾ’ ಅವ್ವನದು. ಇಲ್ಲದಿದ್ದರೆ ‘ನಾ’ ನನ್ನದು.

ಬೇರೆಯವರು ಆಡಿದ ಮಾತನ್ನು ನಾವು ಮತ್ತೊಬ್ಬರಿಗೆ ಮುಟ್ಟಿಸುವಾಗ ಕನ್ನಡ ಮಾಡುವ ಕೆಲಸ ಇದು. ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಕಲಿಸಿದ ನನಗೆ ಈ ‘ಅಂದ್ಲು’, ‘ಅಂದ’, ‘ಅಂತ’, ‘ಎಂದು’ ಎಂಬ ಪುಟ್ಟ ಮಾತುಗಳ ಮೇಲೆ ಬಲು ಪ್ರೀತಿ. ಹೋದ ದಸರಾ ರಜೆಯಲ್ಲಿ ಇಬ್ಬರು ಮೊಮ್ಮಕ್ಕಳನ್ನು ಕರೆದುಕೊಂಡು ಬಾದಾಮಿ, ಹುನಗುಂದ, ಇಳಕಲ್ ಸುತ್ತಿ ಬಾಗಲಕೋಟೆಗೆ ಬಂದೆ. ಮೊಮ್ಮಗಳು ಇಲ್ಲೇ ನಮ್ಮ ಬಾಗಲಕೋಟೆಯವಳು, ನನ್ನನ್ನು ‘ಮುತ್ಯಾ’ ಅನ್ನುತ್ತಾಳೆ. ಮೊಮ್ಮಗ ಬೆಂಗಳೂರಿನವನು, ‘ತಾತ’ ಅನ್ನುತ್ತಾನೆ. ದಾರಿಯುದ್ದಕ್ಕೂ ನಾವು ಮೂವರೂ ‘ಅಂತ’ಗಳನ್ನು ಹೆಕ್ಕಿದೆವು. ಅವುಗಳಲ್ಲಿ ಕೆಲವನ್ನು ನಿಮ್ಮ ಮುಂದೆ ಇಡುತ್ತೇನೆ. ಅಜ್ಜ ಅಜ್ಜಿಯರೂ ಜೊತೆಗೆ ಕೂತು ಓದಲಿ. ಏಕೆಂದರೆ ಇದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುವ ವಿಷಯ.

‘ನಾ’ ಅಂದವರ ‘ನಾ’

ಬಸ್ಸಿನಲ್ಲಿ ಮೊಮ್ಮಗ ತನ್ನ ಇಂಗ್ಲಿಷ್ ವ್ಯಾಕರಣದ ಕಷ್ಟ ತೋಡಿಕೊಂಡ. ಶಾಲೆಯಲ್ಲಿ ‘ಡೈರೆಕ್ಟ್ ಸ್ಪೀಚ್’ ಕೊಟ್ಟು ಅದನ್ನು ‘ಇನ್‌ಡೈರೆಕ್ಟ್ ಸ್ಪೀಚ್’ ಮಾಡಿ ಎನ್ನುತ್ತಾರಂತೆ. ಅಲ್ಲಿ ಬೇರೆಯವರ ‘ನಾನು’ ಎಂಬುದನ್ನು ‘ಅವನು’ ಅಥವಾ ‘ಅವಳು’ ಎಂದು ಬದಲಿಸಬೇಕು. ‘ಹೋಗುತ್ತೇನೆ’ ಎಂಬುದರ ಕಾಲವನ್ನೂ ಹಿಂದಕ್ಕೆ ಸರಿಸಬೇಕು. ‘ನಾಳೆ’ ಎಂಬುದನ್ನು ‘ಮರುದಿನ’ ಮಾಡಬೇಕು. ಒಂದು ಮರೆತರೂ ಒಂದು ಅಂಕ ಹೋಯಿತು.

“ಕನ್ನಡದಾಗ ಏನೂ ಬದಲಿ ಮಾಡಬೇಕಾಗಿಲ್ಲ ನೋಡು. ಅವರು ಅಂದದ್ದನ್ನ ಹಂಗ ಇಟ್ಟು, ಮ್ಯಾಲೆ ಒಂದು ‘ಅಂತ’ ಇಟ್ರ ಮುಗೀತು” ಎಂದಳು ಮೊಮ್ಮಗಳು.

ಅವಳ ಮಾತು ಬಹುಮಟ್ಟಿಗೆ ನಿಜ. ಕನ್ನಡ ಅಂದವರ ‘ನಾ’ವನ್ನು ಅವರ ಬಾಯಿಂದ ಕಿತ್ತುಕೊಳ್ಳುವುದಿಲ್ಲ. ‘ಅಪ್ಪ ನಾ ಬರ್ತೀನಿ ಅಂತ ಹೇಳ್ಯಾನ’ ಎಂದಾಗ ಅಪ್ಪನ ‘ನಾ’, ಅಪ್ಪನ ‘ಬರ್ತೀನಿ’ ಎರಡೂ ಅವನು ಹೇಳಿದ ಹಾಗೆಯೇ ನಿಮ್ಮ ಕಿವಿಗೆ ಬೀಳುತ್ತವೆ.

ಇದಕ್ಕಿಂತ ಮೋಜಿನದು ‘ತಾ’. ‘ಅಪ್ಪ ತಾ ಬರ್ತೀನಿ ಅಂದ’ ಎಂದೂ ಹೇಳುತ್ತೇವಲ್ಲ? ‘ನಾ’ ಹೋಗಿ ‘ತಾ’ ಬಂತು. ‘ಯಾರು ಅಂದರೋ ಅವರೇ’ ಎಂದು ತೋರಿಸುವ ಬೆರಳು ಅದು. ಆದರೆ ಕ್ರಿಯಾಪದ ಮಾತ್ರ ‘ಬರ್ತಾನ’ ಆಗಲಿಲ್ಲ. ‘ಬರ್ತೀನಿ’ ಆಗಿಯೇ ಉಳಿಯಿತು. ಅರ್ಧ ಮಾತು ಹೇಳುವವನದು, ಅರ್ಧ ಮಾತು ಅಪ್ಪನದು! ಭಾಷೆಯನ್ನು ಅಧ್ಯಯನ ಮಾಡುವ ವಿದ್ವಾಂಸರಿಗೂ ಕುತೂಹಲ ಹುಟ್ಟಿಸಿರುವ ವಾಕ್ಯ ಇದು. ನಾವು ದಿನಕ್ಕೆ ಹತ್ತು ಸಲ ಯೋಚಿಸದೆ ಆಡುತ್ತೇವೆ.

ಕನ್ನಡದಲ್ಲಿ ಮಾತನ್ನು ಸುತ್ತಿ ಹೇಳುವ ದಾರಿಯೂ ಉಂಟು. ಪತ್ರಿಕೆಯಲ್ಲಿ ‘ಸಚಿವರು ಬರುವುದಾಗಿ ತಿಳಿಸಿದರು’ ಎಂದು ಓದುತ್ತೀರಲ್ಲ, ಅದು. ಅಲ್ಲಿ ಮಾತಿನ ತಿರುಳು ಮಾತ್ರ ಇದೆ, ಸಚಿವರ ಬಾಯಿಯ ‘ನಾನು’ ಇಲ್ಲ. ಮನೆಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ‘ಅಮ್ಮ ರೊಟ್ಟಿ ಬಡಿಯುವುದಾಗಿ ತಿಳಿಸಿದಳು’ ಎಂದು ಹೇಳಿ ನೋಡಿ, ಅಡುಗೆಮನೆಯಿಂದ ನಗು ಕೇಳಿಸುತ್ತದೆ!

ಬಾದಾಮಿಯ ಬಂಡೆಯ ಮೇಲೆ ‘ಎಂದು’

ಬಾದಾಮಿಗೆ ಹೋದವರೆಲ್ಲ ಗುಹೆಗಳನ್ನು ನೋಡುತ್ತಾರೆ. ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಕೂಡುತ್ತಾರೆ, ಮಂಗಗಳಿಗೆ ಹೆದರಿ ಚೀಲ ಬಿಗಿಹಿಡಿಯುತ್ತಾರೆ. ನಾವೂ ಅದೆಲ್ಲ ಮಾಡಿದೆವು. ಆದರೆ ನಾನು ಮಕ್ಕಳನ್ನು ಕರೆದುಕೊಂಡು ಹೋದದ್ದು ಬೇರೊಂದು ಕಾರಣಕ್ಕೆ. ಕೆರೆಯ ಈಶಾನ್ಯಕ್ಕೆ, ತಟ್ಟುಕೋಟಿಯ ಕಡೆಯ ಬಂಡೆಯ ಮೇಲೆ ಒಂದು ಶಾಸನವಿದೆ. ಕಪ್ಪೆ ಅರಭಟ್ಟನ ಶಾಸನ ಎಂದು ಅದರ ಹೆಸರು. ಕಾಲ ಸುಮಾರು ಕ್ರಿ.ಶ. 700. ಹತ್ತೇ ಸಾಲು. ತ್ರಿಪದಿ ಛಂದಸ್ಸಿಗೆ ಕನ್ನಡದಲ್ಲಿ ಸಿಕ್ಕಿರುವ ಬಲು ಹಳೆಯ ಉದಾಹರಣೆ ಅದು.

ಅರಭಟ್ಟ ಒಬ್ಬ ವೀರ. ಒಳ್ಳೆಯವರ ಜೊತೆ ಒಳ್ಳೆಯವನು, ಕಾಡಲು ಬಂದವರಿಗೆ ಮಾತ್ರ ಬಲು ಕೆಟ್ಟವನು ಎಂದು ಶಾಸನ ಅವನನ್ನು ಹೊಗಳುತ್ತದೆ. ಕೊನೆಯ ತ್ರಿಪದಿಯಲ್ಲಿ ಒಂದು ಹೋಲಿಕೆ ಬರುತ್ತದೆ. ಅದನ್ನು ನಮ್ಮ ಇಂದಿನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಕಟ್ಟಿಹಾಕಿದ ಸಿಂಹವನ್ನು ಯಾರೋ ಬಿಚ್ಚಿಬಿಟ್ಟರು. ಬಿಚ್ಚುವಾಗ ಅವರು ‘ನಮಗೇನು ಕೆಡುಕಾದೀತು’ ಅಂದರು. ಅರಭಟ್ಟನನ್ನು ಕೆಣಕಿದ ವೈರಿಗಳ ಕಥೆಯೂ ಹಾಗೇ ಆಯಿತು, ವಿಚಾರ ಮಾಡದೆ ಕೆಟ್ಟರು, ಸತ್ತರು.

ಆ ದಡ್ಡರ ಮಾತು ಶಾಸನದಲ್ಲಿ ಅವರ ಬಾಯಿಂದ ಬಂದ ಹಾಗೆಯೇ ಇದೆ. ‘ಅವರಿಗೇನು’ ಅಂತ ಇಲ್ಲ, ‘ನಮಗೇನು’ ಅಂತ ಇದೆ. ಮಾತು ಮುಗಿದ ಕೂಡಲೇ ಬರುವ ಪದ ಯಾವುದು ಗೊತ್ತೇ? ‘ಎಂದು’! ಹಿಂದಿನ ಪದದ ಬಾಲಕ್ಕೆ ಲೋಪಸಂಧಿಯಾಗಿ ಅಂಟಿಕೊಂಡು ಕೂತಿದೆ. ಇವತ್ತು ನಿಮ್ಮ ಪಾಠದ ಪುಸ್ತಕದಲ್ಲಿ ಇರುವ ‘ಎಂದು’ವೇ ಅದು. ಸುಮಾರು 1300 ವರ್ಷಗಳಲ್ಲಿ ಕನ್ನಡದ ಎಷ್ಟೋ ಪದಗಳು ಬದಲಾಗಿವೆ, ಎಷ್ಟೋ ಅಕ್ಷರಗಳ ರೂಪ ಬದಲಾಗಿದೆ. ಆ ಶಾಸನವನ್ನು ನಾವು ಸಲೀಸಾಗಿ ಓದಲಾರೆವು. ಆದರೆ ‘ಎಂದು’ ಮಾತ್ರ ಅದೇ ರೂಪದಲ್ಲಿ, ಅದೇ ಜಾಗದಲ್ಲಿ ಅದೇ ಕೆಲಸ ಮಾಡುತ್ತ ಇದೆ.

“ಮುತ್ಯಾ, ಅವರು ಬಾಯಿ ಬಿಟ್ಟು ಅಂದ್ರೋ, ಮನಸಿನಾಗ ಅಂದ್ರೋ?” ಎಂದು ಮೊಮ್ಮಗಳು ಕೇಳಿದಳು.

ಒಳ್ಳೆಯ ಪ್ರಶ್ನೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ಬಾಯಲ್ಲಿ ಆಡಿದರೆ ‘ಅಂದ’. ಮನಸ್ಸಿನಲ್ಲೇ ಆಡಿಕೊಂಡರೆ ‘ಅಂದುಕೊಂಡ’. ಯೋಚಿಸುವುದು ಎಂದರೆ ತನಗೆ ತಾನೇ ಮಾತಾಡಿಕೊಳ್ಳುವುದು ಎಂದು ನಮ್ಮ ಭಾಷೆ ತಿಳಿದಿದೆ. ‘ಯಾಕಂದ್ರ’ ಎಂಬುದನ್ನೇ ಬಿಡಿಸಿ ನೋಡಿ: ‘ಯಾಕೆ ಅಂದರೆ’. ನೀವು ‘ಯಾಕೆ’ ಅಂದಿರಿ, ನಾನು ಉತ್ತರ ಹೇಳುತ್ತೇನೆ ಎಂದಂತೆ ಅಲ್ಲವೇ? ‘ಪಾತ್ರೆ ಧಡ್ ಅಂತ ಬಿತ್ತು’ ಎನ್ನುವಾಗ ಪಾತ್ರೆಗೂ ಬಾಯಿ ಕೊಡುತ್ತೇವೆ. ‘ಗಪ್ಪಂತ ಕೂಡು’ ಎನ್ನುವಾಗ ಸುಮ್ಮನಿರುವುದಕ್ಕೂ ಒಂದು ‘ಅಂತ’ ಬೇಕು!

ಬಂಡೆಯಲ್ಲಿ ಇಲ್ಲದಿರುವುದು ಇನ್ನೊಂದಿದೆ. ಉದ್ಧರಣ ಚಿಹ್ನೆ. ಬೇರೆಯವರ ಮಾತನ್ನು ಬರೆಯುವಾಗ ಹಿಂದೆ ಮುಂದೆ ಎರಡೆರಡು ಗೀಟು ಹಾಕಬೇಕು ಎಂದು ನಿಮಗೆ ಕಲಿಸಿರುತ್ತಾರೆ. ಕಲ್ಲಿನ ಮೇಲೆ ಬರೆದವರಿಗೂ ತಾಳೆಗರಿಯ ಮೇಲೆ ಬರೆದವರಿಗೂ ಈ ಚಿಹ್ನೆಗಳಿರಲಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಬಂದದ್ದು 1843ರಲ್ಲಿ. ಹೀಗೆ ಅಚ್ಚಿನ ಕೆಲಸ ಬೆಳೆದ ಕಾಲದಲ್ಲಿ ಈ ಚಿಹ್ನೆಗಳೂ ಕನ್ನಡದ ಪುಟಗಳಿಗೆ ಬಂದು ನೆಲೆಸಿದವು. ಅದಕ್ಕೂ ಮೊದಲಿನ ಸಾವಿರಕ್ಕೂ ಹೆಚ್ಚು ವರ್ಷ ಆ ಗೀಟುಗಳ ಕೆಲಸವನ್ನೆಲ್ಲ ‘ಎಂದು’ ಒಂದೇ ಹೊತ್ತಿತ್ತು. ಮಾತು ಎಲ್ಲಿ ಮುಗಿಯಿತು ಎಂದು ಅದು ಹೇಳಿಬಿಡುತ್ತದೆ. ಎಲ್ಲಿ ಶುರುವಾಯಿತು ಎಂಬುದನ್ನು ಕೇಳುವವರೇ ತಿಳಿದುಕೊಳ್ಳಬೇಕು. ಅಂದರೆ ಕನ್ನಡ ಕೇಳುವವರು ಕೊನೆಯ ಮಾತಿನವರೆಗೂ ಕಿವಿ ತೆರೆದಿರಲೇಬೇಕು. ನಡುವೆ ಎದ್ದು ಹೋದರೆ ಬಾದಾಮಿಗೆ ಹೋಗುವವರು ಅವ್ವನೋ ನಾನೋ ತಿಳಿಯುವುದಿಲ್ಲ!

ಹುನಗುಂದದಲ್ಲಿ: ಮಾತಿನ ಕೆಳಗೆ ಹೆಸರು

ಮಾತು ಮುಗಿಯಿತು ಎಂದು ‘ಎಂದು’ ಹೇಳುತ್ತದೆ. ಯಾರ ಮಾತು? ಅದಕ್ಕೆ ಹೆಸರು ಬೇಕು. ಹೆಸರಿನ ಕಥೆ ಹೇಳಲು ಹುನಗುಂದ ತಾಲ್ಲೂಕಿನ ಕೂಡಲಸಂಗಮಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೃಷ್ಣೆ ಮತ್ತು ಮಲಪ್ರಭೆ ಕೂಡುವ ಊರು ಅದು. ಬಸವಣ್ಣನವರ ಐಕ್ಯ ಸ್ಥಳ.

‘ವಚನ’ ಎಂಬ ಪದದ ಅರ್ಥವೇ ‘ಆಡಿದ ಮಾತು’. ಹನ್ನೆರಡನೆಯ ಶತಮಾನದಲ್ಲಿ ಎಷ್ಟೋ ಶರಣರು ಮಾತಾಡಿದರು. ಕಾಯಕದವರು, ಹೆಣ್ಣುಮಕ್ಕಳು, ಮಂತ್ರಿಗಳು ಎಲ್ಲರೂ. ಆ ಮಾತುಗಳು ತಾಳೆಗರಿಗಳಲ್ಲಿ ಒಂದರ ಮೇಲೊಂದು ಸೇರಿದವು. ನೂರಾರು ವರ್ಷ ಕಳೆದ ಮೇಲೆ ಇದು ಯಾರು ಆಡಿದ್ದು ಎಂದು ಹೇಗೆ ತಿಳಿಯಬೇಕು?

ದಾರಿ ತೋರಿಸಿದ್ದು ಅಂಕಿತ. ಪ್ರತಿ ವಚನದಲ್ಲೂ ಸಾಮಾನ್ಯವಾಗಿ ಕೊನೆಗೆ ಬರುವ ಗುರುತಿನ ಹೆಸರು. ‘ಕೂಡಲಸಂಗಮದೇವ’ ಎಂದಿದ್ದರೆ ಬಸವಣ್ಣನವರದು. ‘ಚೆನ್ನಮಲ್ಲಿಕಾರ್ಜುನ’ ಎಂದಿದ್ದರೆ ಅಕ್ಕಮಹಾದೇವಿಯದು. ‘ಗುಹೇಶ್ವರ’ ಎಂದಿದ್ದರೆ ಅಲ್ಲಮಪ್ರಭುವಿನದು. ಇವರು ತಮ್ಮ ದೈವದ ಹೆಸರನ್ನು ಕರೆದರು, ಅದೇ ಅವರ ಸಹಿಯಾಯಿತು. ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯನದು ಬೇರೆಯೇ ರೀತಿ. ಅವನು ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಅದರ ಹಿಂದೆ ‘ಎಂದ’ ಎಂಬ ಮಾತನ್ನೂ ಸೇರಿಸಿದ. ಇದು ನಾನೇ ಅಂದದ್ದು, ಕೇಳುವುದಿದ್ದರೆ ನನ್ನನ್ನೇ ಕೇಳಿ ಎಂದು ಎದೆ ಮುಟ್ಟಿ ಹೇಳಿದ ಹಾಗಿದೆ.

ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆ ಮಠಗಳಲ್ಲಿದ್ದ ತಾಳೆಗರಿಗಳನ್ನು ಹುಡುಕಿ ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಅಂಕಿತಗಳು ಇರದಿದ್ದರೆ ಎಂಟು ನೂರು ವರ್ಷಗಳ ಆಚೆಯ ಆ ಮಾತುಗಳು ಯಾರದೋ ಮಾತುಗಳಾಗಿ ಉಳಿಯುತ್ತಿದ್ದವು. ಸಾಧಾರಣ ಜನರ ಎಷ್ಟೋ ಹೆಸರುಗಳು ಅಳಿಸಿಯೇ ಹೋಗುತ್ತಿದ್ದವು. ಮಾತಿನ ಜೊತೆ ಹೆಸರು ಇಟ್ಟರೆ ಆಡಿದವರಿಗೆ ಮರ್ಯಾದೆ, ಕೇಳಿದವರಿಗೆ ಭರವಸೆ.

ಇಳಕಲ್ಲಿನ ಕುಣಿಕೆ

ಹುನಗುಂದದಿಂದ ಇಳಕಲ್ ದೂರವಿಲ್ಲ. ನನ್ನ ಹಳೆಯ ಪರಿಚಯದ ನೇಕಾರ ಅಜ್ಜ ಒಬ್ಬರ ಮನೆಗೆ ಹೋದೆವು. ಅವರ ಓಣಿಗೆ ಕಾಲಿಟ್ಟರೆ ಮೊದಲು ಕೇಳುವುದು ಮಗ್ಗದ ಸದ್ದು. ‘ಲಟಕ್ ಪಟಕ್ ಅಂತೈತಿ’ ಎಂದಳು ಮೊಮ್ಮಗಳು. ಮಗ್ಗವೂ ಮಾತಾಡುತ್ತದೆ ನೋಡಿ!

ಇಳಕಲ್ ಸೀರೆಯ ಮೈಗೂ ಸೆರಗಿಗೂ ಹಾಸು ಬೇರೆ ಬೇರೆ. ಹಾಸು ಎಂದರೆ ಉದ್ದಕ್ಕೆ ಬಿಗಿದ ನೂಲು. ಮೈ ಹಾಸಿನ ಬಣ್ಣ ಒಂದಾದರೆ ಸೆರಗಿನ ಹಾಸಿನದು ಇನ್ನೊಂದು, ಹೆಚ್ಚಾಗಿ ಕೆಂಪು. ಇವೆರಡನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಸಿಕ್ಕಿಸಿ ಜೋಡಿಸುತ್ತಾರೆ. ಅದೇ ಇಳಕಲ್ಲಿನ ಹೆಸರುವಾಸಿ ಕೈಚಳಕ.

“ಗಂಟು ಹಾಕಿ ಬಿಟ್ರ ಆಗೂದಿಲ್ಲೇನ್ರಿ ಅಜ್ಜಾರ?” ಎಂದೆ.

“ಆಗೂದಿಲ್ರಿ ಮಾಸ್ತರ. ಎರಡೂ ಕೂಡಬೇಕು, ಆದ್ರ ಇದು ಮೈ, ಇದು ಸೆರಗು ಅಂತ ನೋಡಿದವರಿಗೆ ಗೊತ್ತಾಗಬೇಕು” ಎಂದರು ಅಜ್ಜ.

ಅವರು ಸೀರೆಯ ಬಗ್ಗೆ ಹೇಳಿದರು, ನನಗೆ ‘ಅಂತ’ ನೆನಪಾಯಿತು. ನನ್ನ ಮಾತು ಒಂದು ಹಾಸು, ಅವ್ವನ ಮಾತು ಇನ್ನೊಂದು ಹಾಸು. ಅವನ್ನು ಕೂಡಿಸುವ ಕುಣಿಕೆ ‘ಅಂತ’. ಎರಡೂ ಒಂದೇ ವಾಕ್ಯವಾಗುತ್ತವೆ, ಆದರೆ ಯಾವುದು ಯಾರದು ಎಂದು ತಿಳಿಯುತ್ತದೆ.

ನಾವು ಚಹಾ ಕುಡಿಯುತ್ತಿದ್ದಾಗ ಪಕ್ಕದ ಮನೆಯ ಹುಡುಗ ಬಂದು ತನ್ನ ಗೆಳೆಯನೊಂದಿಗೆ ಉರ್ದುವಿನಲ್ಲಿ ಮಾತಾಡಿದ. ನಮ್ಮ ಸೀಮೆಯ ಈ ಉರ್ದುವಿಗೆ ದಖನಿ ಎನ್ನುತ್ತಾರೆ. ‘ಕಲ್ ಆತೂಂ ಬೋಲ್ಕೆ ಬೋಲ್ಯಾ’ ಎಂದ ಹುಡುಗ. ‘ನಾಳಿ ಬರ್ತೀನಿ ಅಂತ ಅಂದ’ ಎಂದು ಅರ್ಥ. ‘ಬೋಲ್ಕೆ’ ಎಂದರೆ ‘ಅಂದು’. ಹಿಂದಿಯಲ್ಲಿ ಸಾಮಾನ್ಯವಾಗಿ ಮೊದಲು ‘ಅವನು ಹೇಳಿದ’ ಎಂದು, ಆಮೇಲೆ ‘ಕಿ’ ಇಟ್ಟು, ಕೊನೆಗೆ ಮಾತು ಹೇಳುತ್ತಾರೆ. ದಖನಿ ಮಾತ್ರ ಕನ್ನಡ, ತೆಲುಗುಗಳ ನೆರೆಯಲ್ಲಿ ನೂರಾರು ವರ್ಷ ಬಾಳಿ ನಮ್ಮ ‘ಅಂತ’ದ ರೀತಿಯನ್ನು ತನ್ನದಾಗಿಸಿಕೊಂಡಿದೆ. ಓಣಿಯಲ್ಲಿ ಜೊತೆಗೆ ಬದುಕಿದವರು ಹಬ್ಬದ ತಿಂಡಿಯನ್ನಷ್ಟೇ ಹಂಚಿಕೊಳ್ಳುವುದಿಲ್ಲ, ವಾಕ್ಯ ಕಟ್ಟುವ ಬಗೆಯನ್ನೂ ಹಂಚಿಕೊಳ್ಳುತ್ತಾರೆ.

ಹೀಗೆ ಮಾತಿನ ಹಿಂದೆ ಒಂದು ‘ಅಂತ’ ಇಡುವ ಭಾಷೆಗಳು ಇನ್ನೂ ಇವೆ. ತೆಲುಗಿನವರು ‘ಅನಿ’ ಎನ್ನುತ್ತಾರೆ, ಮರಾಠಿಯವರು ‘ಮ್ಹಣೂನ’ ಎನ್ನುತ್ತಾರೆ. ಸಂಸ್ಕೃತದ ‘ಇತಿ’ಯೂ ಮಾತು ಮುಗಿದ ಮೇಲೆ ಬರುತ್ತದೆ. ದೂರದ ಜಪಾನಿನವರು ‘ತೊ’ ಎಂಬ ಒಂದೇ ಅಕ್ಷರ ಇಡುತ್ತಾರೆ. ತುರ್ಕಿಯವರ ‘ದಿಯೆ’ ಎಂಬ ಪದವಂತೂ ‘ಹೇಳು’ ಎಂಬ ಅರ್ಥದ ಧಾತುವಿನಿಂದಲೇ ಬಂದದ್ದು, ನಮ್ಮ ‘ಎಂದು’ವಿನ ಹಾಗೆಯೇ. ಮೊಮ್ಮಗ ಅಂದು ರಾತ್ರಿ ತನ್ನ ಅಪ್ಪನಿಗೆ ಫೋನು ಮಾಡಿ, “ಅಪ್ಪಾ, ಜಪಾನ್‌ನವರೂ ನಮ್ಮ ಥರಾನೇ!” ಎಂದು ಕೂಗಿದ.

ಬಾಗಲಕೋಟೆಯಲ್ಲಿ ‘ನೀರು ಬರ್ತೈತಂತ’

ಮರಳಿ ಬರುವಾಗ ಮೋಡ ಕವಿದಿತ್ತು. “ತಾತ, ನಾಳೆ ಮಳೆ ಬರುತ್ತಂತೆ” ಎಂದ ಮೊಮ್ಮಗ. “ಮುತ್ಯಾ, ನಾಳಿ ಮಳಿ ಬರ್ತೈತಂತ” ಎಂದಳು ಮೊಮ್ಮಗಳು. ಅವನ ‘ಅಂತೆ’ ನಮ್ಮ ಕಡೆ ‘ಅಂತ’ವೇ ಆಗುತ್ತದೆ. ಎರಡರ ಅರ್ಥವೂ ‘ನಾನು ಕಂಡಿದ್ದಲ್ಲ, ಕೇಳಿದ್ದು’ ಎಂದು. ಅಜ್ಜಿ ಕಥೆ ಹೇಳುವಾಗ ‘ಒಂದೂರಾಗ ಒಬ್ಬ ರಾಜ ಇದ್ದನಂತ’ ಎನ್ನುತ್ತಾಳಲ್ಲ, ಅದೇ ‘ಅಂತ’. ರಾಜನನ್ನು ನಾನು ಕಂಡಿಲ್ಲ, ನನಗೂ ಯಾರೋ ಹೇಳಿದ್ದು ಎಂದು ಅಜ್ಜಿ ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಾಳೆ. ಇದು ಸುಳ್ಳಲ್ಲ. ಸುಳ್ಳು ಶುರುವಾಗುವುದು ಆ ‘ಅಂತ’ ಉದುರಿಹೋದಾಗ.

ಅದು ಹೇಗೆ ಎಂದು ಹಳೇ ಬಾಗಲಕೋಟೆಯ ಹಿರಿಯರಿಗೆ ಗೊತ್ತು. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಿದಾಗ ಹಿನ್ನೀರು ನಮ್ಮ ಊರಿನ ಒಂದು ಭಾಗವನ್ನು ನುಂಗುವುದಿತ್ತು. ಊರಿನವರಿಗಾಗಿ ನವನಗರ ಎದ್ದಿತು. 1997ರಲ್ಲಿ ವಿಜಾಪುರದಿಂದ ಬೇರೆಯಾಗಿ ನಮ್ಮದೇ ಜಿಲ್ಲೆಯೂ ಆಯಿತು. ಆ ಕಾಲದ ಆಜುಬಾಜಿನಲ್ಲಿ ನಾನು ಹಳೇ ಊರಿನ ಒಂದು ಓಣಿಯಲ್ಲಿ ಬಾಡಿಗೆಗೆ ಇದ್ದೆ. ಮಳೆಗಾಲ ಬಂತೆಂದರೆ ಸಾಕು, ಕಟ್ಟೆಯ ಮೇಲೆ ಒಂದೇ ಮಾತು: “ಈ ಸಲ ನೀರು ಬರ್ತೈತಂತ.”

ಆ ಮಾತು ಹೇಗೆ ನಡೆಯುತ್ತಿತ್ತು ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲು ಯಾರೋ ಒಬ್ಬರು ಹೇಳಿರುತ್ತಿದ್ದರು: “ಮಳಿ ಜೋರಾದ್ರ ನೀರು ಬಂದರೂ ಬರಬಹುದು ಅಂತ ಸಾಹೇಬ್ರು ಅಂದ್ರು.” ಎರಡನೆಯ ಬಾಯಿಗೆ ಹೋಗುವಾಗ ಸಾಹೇಬರು ಉದುರಿದರು: “ನೀರು ಬರ್ತೈತಂತ.” ಮೂರನೆಯ ಬಾಯಿಗೆ ಹೋಗುವಾಗ ‘ಅಂತ’ವೂ ಉದುರಿತು: “ನೀರು ಬರ್ತೈತಿ!” ನಾಲ್ಕನೆಯವರು ಅದಕ್ಕೆ ವಾರವನ್ನೂ ಗೊತ್ತು ಮಾಡಿದರು: “ಬರೂ ಸೋಮವಾರ ನೀರು ಬರ್ತೈತಿ!” ನಮ್ಮ ಓಣಿಯ ಒಂದು ಮನೆಯವರು ಗಾಬರಿಯಾಗಿ ಎಮ್ಮೆಯನ್ನೂ ಹಗೇವಿನ ಜೋಳವನ್ನೂ ಬಂದ ಬೆಲೆಗೆ ಮಾರಿದರು. ಆ ಸೋಮವಾರ ನೀರು ಬರಲಿಲ್ಲ. ಮನೆಯ ಹೆಣ್ಣುಮಗಳು ಖಾಲಿ ಗೂಟದ ಮುಂದೆ ನಿಂತು ಅತ್ತದ್ದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದೆ.

ಅದೇ ಓಣಿಯಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಆಯಿ ಇದ್ದಳು. ಓದು ಬರಹ ಬಾರದು. ಆದರೆ ಯಾರು ಬಂದು ‘ನೀರು ಬರ್ತೈತಂತ’ ಎಂದರೂ ತಕ್ಕಡಿ ಕೆಳಗಿಟ್ಟು ಮೂರು ಪ್ರಶ್ನೆ ಕೇಳುತ್ತಿದ್ದಳು.

“ಯಾರಂದ್ರು? ನಿನ್ನ ಮುಂದ ಅಂದ್ರೋ, ಮತ್ತೊಬ್ಬರ ಮುಂದ ಅಂದ್ರೋ? ಏನಂತ ಅಂದ್ರು, ಹಂಗ ಅನ್ನು.”

ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಹೆಚ್ಚಿನವರು ಬೆಲ್ಲ ಕಟ್ಟಿಸಿಕೊಂಡು ಹೊರಟಿರುತ್ತಿದ್ದರು!

ಒಂದು ದಿನ ಅವಳ ಮನೆಗೂ ನೋಟೀಸು ಬಂತು. ಓದಿ ಹೇಳಲು ನನ್ನನ್ನು ಕರೆದಳು. ಇಂತಿಂಥ ದಿನದೊಳಗೆ ಮನೆ ತೆರವು ಮಾಡಬೇಕೆಂದು ಈ ಮೂಲಕ ತಿಳಿಸಲಾಗಿದೆ ಎಂಬರ್ಥದ ಸಾಲುಗಳನ್ನು ಓದಿದೆ.

“‘ತಿಳಿಸಲಾಗಿದೆ’ ಅಂದ್ರ? ಯಾರು ತಿಳಿಸ್ಯಾರ ಮಾಸ್ತರ?”

ನಾನು ಕಾಗದವನ್ನು ಮತ್ತೆ ನೋಡಿದೆ. ವಾಕ್ಯದಲ್ಲಿ ‘ಎಂದು’ ಇತ್ತು, ಅಂದವರು ಇರಲಿಲ್ಲ. ಕೆಳಗೆ ಸಹಿ ಇತ್ತು, ಸಿಕ್ಕಾ ಇತ್ತು. ಬೆರಳಿಟ್ಟು ತೋರಿಸಿದೆ. ಆಯಿ ಆ ಸಹಿಯನ್ನೇ ಸ್ವಲ್ಪ ಹೊತ್ತು ನೋಡಿದಳು. ಮರುದಿನ ಕಾಗದ ಹಿಡಿದು ಕಚೇರಿಗೆ ಹೋಗಿ, ಸಹಿ ಮಾಡಿದವರನ್ನೇ ಕಂಡು, ದಿನಾಂಕವನ್ನು ಅವರ ಬಾಯಿಂದಲೇ ಕೇಳಿ ಬಂದಳು. ಸಂಜೆ ಕಟ್ಟೆಯ ಮೇಲೆ ಎಲ್ಲರನ್ನೂ ಕರೆದು, ಅವರು ಅಂದದ್ದನ್ನು ಅಂದ ಹಾಗೆಯೇ ಹೇಳಿದಳು. ಕೊನೆಗೆ, “ಹಿಂಗಂತ ಅವರ ಅಂದ್ರು, ನಾನ ಕೇಳೀನಿ” ಎಂದಳು. ಆ ಸಲ ಓಣಿಯವರು ಗಾಬರಿಯಿಲ್ಲದೆ, ಬಾಗಿಲು ಚೌಕಟ್ಟುಗಳನ್ನೂ ಜೋಪಾನವಾಗಿ ಬಿಚ್ಚಿಕೊಂಡು, ನವನಗರಕ್ಕೆ ಹೋದರು.

ಆಯಿಯ ಪ್ರಶ್ನೆಗಳನ್ನೇ ನ್ಯಾಯಾಲಯವೂ ಕೇಳುತ್ತದೆ. 1872ರ ಸಾಕ್ಷ್ಯ ಕಾಯ್ದೆಯಲ್ಲೂ, 2024ರ ಜುಲೈ 1ರಿಂದ ಅದರ ಬದಲು ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇರುವ ತತ್ವ ಒಂದೇ. ಕಂಡ ಸಂಗತಿಯಾದರೆ ಕಂಡವರೇ ಬಂದು ಹೇಳಬೇಕು, ಕೇಳಿದ್ದಾದರೆ ಕೇಳಿದವರೇ ಬಂದು ಹೇಳಬೇಕು. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ‘ಹಾಗಂತೆ’ ಎಂಬುದು ಅಲ್ಲಿ ನಡೆಯುವುದಿಲ್ಲ. ಕನ್ನಡಿಗರು ಇಂಥ ಮಾತಿಗೆ ಇಟ್ಟ ಹೆಸರೇ ‘ಅಂತೆಕಂತೆ’!

ಈಗ ಕಟ್ಟೆಯ ಜಾಗಕ್ಕೆ ಫೋನು ಬಂದಿದೆ. ವಾಟ್ಸಪ್ಪಿನಲ್ಲಿ ಬರುವ ಎಷ್ಟೋ ಸಂದೇಶಗಳಿಗೆ ಹೆಸರೂ ಇಲ್ಲ, ‘ಅಂತ’ವೂ ಇಲ್ಲ. ‘ನಾಳೆಯಿಂದ ಹೀಗೆ’, ‘ಈ ಬೇರು ತಿಂದರೆ ಸಕ್ಕರೆ ಕಾಯಿಲೆ ಮಾಯ’ ಎಂದು ಯಾರೋ ಖಂಡಿತವಾಗಿ ಹೇಳುತ್ತಾರೆ. ನಾವು ಒಂದು ಬೆರಳು ಒತ್ತಿ ಹತ್ತು ಮಂದಿಗೆ ದಾಟಿಸುತ್ತೇವೆ. ಗುಳಿಗೆ ಬಿಟ್ಟು ಬೇರು ತಿನ್ನುವ ಅಜ್ಜನಿಗೆ ಏನಾದರೂ ಆದರೆ ಕೇಳುವುದು ಯಾರನ್ನು? ಅಂಥ ಸಂದೇಶ ಬಂದಾಗ ಮೊಮ್ಮಕ್ಕಳು ಅಜ್ಜ ಅಜ್ಜಿಯರ ಪಕ್ಕ ಕ್ಷಣಹೊತ್ತು ಕೂತು, ಆಯಿಯ ಮೂರು ಪ್ರಶ್ನೆ ಕೇಳಿ. ಯಾರಂದ್ರು? ಯಾರ ಮುಂದೆ ಅಂದ್ರು? ಏನಂತ ಅಂದ್ರು? ಉತ್ತರ ಸಿಗದಿದ್ದರೆ ಆ ಮಾತು ನಿಮ್ಮ ಮನೆಯಲ್ಲೇ ನಿಲ್ಲಲಿ.

ಮನೆಯಲ್ಲಿ ಆಡಲು ಒಂದು ಆಟ

ನಾಲ್ಕೈದು ಮಂದಿ ಸಾಲಾಗಿ ಕೂಡಿ. ಮೊದಲನೆಯವರು ಎರಡನೆಯವರ ಕಿವಿಯಲ್ಲಿ ಒಂದು ಮಾತು ಹೇಳಲಿ. ಎರಡನೆಯವರು ಅದನ್ನು ಮೂರನೆಯವರಿಗೆ ಮುಟ್ಟಿಸಬೇಕು. ಆದರೆ ಒಂದು ನಿಯಮ: ಅಂದವರ ಹೆಸರು ಬಿಡುವಂತಿಲ್ಲ, ‘ಅಂತ’ ಬಿಡುವಂತಿಲ್ಲ, ಅವರ ‘ನಾ’ವನ್ನು ಬದಲಿಸುವಂತಿಲ್ಲ. ಮೂರನೆಯವರು ಹೇಳುವಾಗ ಹೀಗಾಗುತ್ತದೆ: “ನಾ ಇವತ್ತು ಹೋಳಿಗಿ ಮಾಡ್ತೀನಿ ಅಂತ ಆಯಿ ಅಂದ್ಲು ಅಂತ ಅಕ್ಕ ಅಂದ್ಲು.” ನಾಲ್ಕನೆಯವರ ಹತ್ತಿರ ಬರುವಷ್ಟರಲ್ಲಿ ‘ಅಂತ’ಗಳ ಮಾಲೆಯೇ ಆಗಿರುತ್ತದೆ. ನಾಲಿಗೆ ತೊಡರಿದವರು ಔಟ್! ನಮ್ಮ ಮನೆಯಲ್ಲಿ ಐದರ ತನಕ ಮುಟ್ಟಿಸಿದವಳು ಮೊಮ್ಮಗಳೊಬ್ಬಳೇ.

ಆಟ ಮುಗಿದ ಮೇಲೆ ಒಂದು ವಹಿ ತೆಗೆದುಕೊಳ್ಳಿ. ಅಜ್ಜ ಅಜ್ಜಿಯರನ್ನು ಕೇಳಿ: ನಿಮ್ಮ ಅವ್ವ, ನಿಮ್ಮ ಅಪ್ಪ, ನಿಮ್ಮ ಮುತ್ಯಾ ಯಾವಾಗಲೂ ಒಂದು ಮಾತು ಅಂತಿದ್ದರಲ್ಲ, ಅದೇನು? ಅದನ್ನು ಅವರು ಹೇಳಿದ ಹಾಗೆಯೇ, ಅವರ ಊರಿನ ಮಾತಿನಲ್ಲೇ ಬರೆಯಿರಿ. ‘ಐತಿ’ಯನ್ನು ‘ಇದೆ’ ಮಾಡಬೇಡಿ, ‘ಅಂತ’ವನ್ನು ‘ಎಂದು’ ಮಾಡಬೇಡಿ. ಕೆಳಗೆ ಅಂದವರ ಹೆಸರು, ಅವರ ಊರು, ನಿಮಗೆ ಹೇಳಿದವರ ಹೆಸರು, ನೀವು ಬರೆದ ದಿನಾಂಕ ಇರಲಿ. ನಮ್ಮ ಮನೆಯ ವಹಿಯಲ್ಲಿ ಈಗ ಹನ್ನೊಂದು ಮಾತುಗಳಾಗಿವೆ. ಹನ್ನೆರಡನೆಯದನ್ನು ದೀಪಾವಳಿಗೆ ಬರುವ ನನ್ನ ಅಕ್ಕನಿಂದ ಕೇಳಿ ಬರೆದುಕೊಳ್ಳುತ್ತೇನೆ ಅಂತ ಮೊಮ್ಮಗ ಫೋನಿನಲ್ಲಿ ಹೇಳಿದ್ದಾನೆ.